ಪಿಬಿಎಲ್ ಕ್ಲಾಸಲ್ಲಿ ಮೊದಲ ನಿಮಿಷಕ್ಕೇ ಉತ್ತರ ಬಂದರೆ?

ಪಿಬಿಎಲ್ ಅಂದರೆ ಪ್ರಾಬ್ಲಮ್ ಬೇಸ್ಡ್ ಲರ್ನಿಂಗ್: ಲೆಕ್ಚರ್ ಬದಲು ಒಂದು ರೋಗಿಯ ಕಥೆ ಕೊಟ್ಟು, ಮೆಡಿಕಲ್ ಹುಡುಗರೇ ಚರ್ಚೆ ಮಾಡಿ ಕಲಿಯೋದು. ಆ ಕಥೆಯೇ ಟ್ರಿಗರ್. ಅದನ್ನು ಬರೆಯೋಕೆ ಒಂದು ಭಾನುವಾರ ಪೂರ್ತಿ ಹೋಗಿತ್ತು. ಜನವರಿ ತಿಂಗಳು. ದರಗು ತರಲು ಕಾಡಿಗೆ ಹೋದ ಕೂಲಿ ಹೆಂಗಸು. ಐದು ದಿನದಿಂದ ಜೋರು ಜ್ವರ, ತಲೆನೋವು, ಮೈಕೈ ನೋವು, ಪ್ಲೇಟ್‌ಲೆಟ್ ಕಡಿಮೆ. ಡೆಂಗಿ, ಇಲಿಜ್ವರ ಅಂತ ಸುತ್ತಾಡಿ ಎರಡನೇ ಸೆಷನ್‌ಗೆ ದಾರಿಗೆ ಬರುತ್ತಾರೆ ಅನ್ನೋದು ನನ್ನ ಲೆಕ್ಕ.

ಹಾಳೆ ಹಂಚಿ ಮುಗಿದಿರಲಿಲ್ಲ. ‘ಸಾರ್, ಇದು ಮಂಗನ ಕಾಯಿಲೆ. ನಮ್ಮ ಕಡೆ ಈ ಟೈಮಲ್ಲಿ ಎಣ್ಣೆ ಹಚ್ಕೊಂಡೇ ಕಾಡಿಗೆ ಹೋಗೋದು’ ಅಂದ ಕೊಪ್ಪದ ಹುಡುಗ. ಚಿಕ್ಕಮಗಳೂರಲ್ಲಿ ಕೂತು ಇದನ್ನು ಒಗಟು ಅಂದುಕೊಂಡಿದ್ದೆನಲ್ಲ!

ಆಮೇಲೆ ಮೌನ. ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ. ಹಿಂದಿನ ಕುರ್ಚಿಯಲ್ಲಿ ಎಂಇಯು (ಕಾಲೇಜಿನ ಮೆಡಿಕಲ್ ಎಜುಕೇಷನ್ ಯೂನಿಟ್) ಕಡೆಯ ಮೇಡಂ ಫಾರಂ ಹಿಡಿದು ಕೂತಿದ್ದಾರೆ. ಚರ್ಚೆ ನಡೆಸುವ ಫೆಸಿಲಿಟೇಟರ್, ಅಂದರೆ ನಾನು, ಬಾಯಿ ಬಿಡಬಾರದು. ಜೇಬಿನ ಪೆನ್‌ಡ್ರೈವ್‌ನಲ್ಲಿ ಹಳೇ ಪಿಪಿಟಿ ಇತ್ತು: ಕಾಯಿಲೆ ಮೊದಲು ಪತ್ತೆಯಾದ 1957, ಸೊರಬದ ಕ್ಯಾಸನೂರು, ಕಾರಣವಾದ ಫ್ಲಾವಿವೈರಸ್, ಎಲ್ಲ ಸಾಲಾಗಿ. ಕೈ ಆ ಕಡೆ ಹೋಗಿಯೂ ಆಗಿತ್ತು.

ಅಷ್ಟರಲ್ಲಿ ಮೂಲೆಯ ಹುಡುಗಿ ಕೇಳಿದಳು, ‘ಮಂಗನಿಂದ ಬರುತ್ತೆ ಅಂದ್ರೆ, ಪೇಷಂಟ್ ನೋಡ್ಕೊಂಡ ಮನೆಯವರಿಗೆ ಯಾಕೆ ಬರಲ್ಲ?’ ಕೊಪ್ಪದವನ ಹತ್ತಿರ ಉತ್ತರವಿಲ್ಲ. ಮಂಗ ಸಾಯುತ್ತೆ, ಅದರ ಮೈಮೇಲಿನ ಉಣುಗು ಅಲ್ಲೇ ಸುತ್ತ ಉದುರುತ್ತೆ, ಆ ಜಾಗದಲ್ಲಿ ಓಡಾಡಿದವರನ್ನು ಕಚ್ಚುತ್ತೆ. ಮನುಷ್ಯನಿಂದ ಮನುಷ್ಯನಿಗೆ ಹರಡಲ್ಲ. ಇಷ್ಟಕ್ಕೆ ಬರೋಕೆ ಅರ್ಧ ಗಂಟೆ ಜಗಳ ಆಡಿದರು. ಡಿಸೆಂಬರ್‌ನಿಂದ ಮೇವರೆಗೇ ಯಾಕೆ ಜಾಸ್ತಿ ಅಂದಾಗ ಮರಿ ಉಣುಗುಗಳ ಕಾಲ ಹೊರಗೆ ಬಂತು. ‘ಜ್ವರ ಬಿಟ್ಟ ಮೇಲೆ ಡಿಸ್ಚಾರ್ಜ್ ಮಾಡಬಹುದಾ?’ ಅಂತ ಇನ್ನೊಬ್ಬ. ಕೆಲವರಿಗೆ ವಾರ ಎರಡು ವಾರ ಬಿಟ್ಟು ಮತ್ತೆ ಜ್ವರ ಬಂದು ನರಗಳ ತೊಂದರೆಯೂ ಕಾಣಿಸಿಕೊಳ್ಳುತ್ತೆ. ಅದು ಎಸ್‌ಡಿಎಲ್‌ಗೆ, ಅಂದರೆ ಅವರೇ ಓದಿಕೊಂಡು ಬರೋದಕ್ಕೆ, ಹೋಯಿತು.

ಹಾಗಂತ ಲೆಕ್ಚರ್ ದಂಡ ಅಲ್ಲ. ಮೊದಲ ದಿನಗಳಲ್ಲಿ ವೈರಸ್ ಹುಡುಕೋ ಪಿಸಿಆರ್ ಟೆಸ್ಟ್, ಆಮೇಲೆ ಪ್ರತಿಕಾಯ ಹುಡುಕೋ ಐಜಿಎಂ ಟೆಸ್ಟ್ ಅನ್ನೋದಕ್ಕೆ ಸುಮ್ನೆ ಒದ್ದಾಡುತ್ತಿದ್ದರು. ಬೋರ್ಡ್ ಮೇಲೆ ಒಂದು ಗೆರೆ ಎಳೆದಿದ್ದರೆ ಐದು ನಿಮಿಷದ ಕೆಲಸ. 1993ರಲ್ಲಿ ‘ಅಕಾಡೆಮಿಕ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂದ ಪರಿಶೀಲನೆ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಪಿಬಿಎಲ್ ಹುಡುಗರು ರೋಗಿಯ ಮುಂದೆ ಚೆನ್ನಾಗಿರುತ್ತಾರೆ, ಬೇಸಿಕ್ ಸೈನ್ಸ್ ಪರೀಕ್ಷೆಯಲ್ಲಿ ಕೆಲವೊಮ್ಮೆ ಹಿಂದೆ ಬೀಳುತ್ತಾರೆ. 1969ರಲ್ಲಿ ಕೆನಡಾದ ಮೆಕ್‌ಮಾಸ್ಟರ್‌ನವರು ಇಡೀ ಕೋರ್ಸನ್ನೇ ಪಿಬಿಎಲ್ ಸುತ್ತ ಕಟ್ಟಿದರು. ನಮ್ಮಲ್ಲಿ ಹಳೇ ಟೈಮ್‌ಟೇಬಲ್ ಸಂದಿಯಲ್ಲಿ ಒಂದು ಗಂಟೆ ತುರುಕಿ, ಇನ್ನೋವೇಷನ್ ಅಂತ ಫೋಟೊ ತೆಗೆಸುತ್ತಾರೆ. ಒಂದು ಬ್ಯಾಚಿಗೆ ಸಣ್ಣ ಗುಂಪು ಮಾಡೋಣ ಅಂದರೆ ಟ್ಯೂಟರ್‌ಗಳೂ ಇಲ್ಲ, ರೂಮೂ ಇಲ್ಲ.

ಈಗ ನಾನು ಟ್ರಿಗರ್ ಹಾಳೆಯ ಮೇಲೇ ಕಾಯಿಲೆಯ ಹೆಸರು ಬರೆದುಕೊಡುತ್ತೇನೆ. ಕೆಳಗೆ ‘ಯಾಕೆ’ಗಳನ್ನು ಹುಡುಗರೇ ಬರೆಯಬೇಕು. ಪಿಪಿಟಿ ತೆಗೆಯೋದು ಅದಾದ ಮೇಲೆ, ಅದೂ ಅವರು ಸಿಕ್ಕಿಹಾಕಿಕೊಂಡ ಜಾಗಕ್ಕೆ ಮಾತ್ರ. ಡಯಾಗ್ನೋಸಿಸ್ ಮೊದಲೇ ಕೊಟ್ಟರೆ ಅದು ಪಿಬಿಎಲ್ ಹೇಗಾಗುತ್ತೆ ಅಂತ ಎಂಇಯು ತಕರಾರು. ಲಾಗ್‌ಬುಕ್‌ನಲ್ಲಿ ‘ಸ್ಮಾಲ್ ಗ್ರೂಪ್ ಡಿಸ್ಕಷನ್’ ಅಂತ ಹಾಕಿ ಅಂದಿದ್ದಾರೆ. ಹಾಕುತ್ತಿದ್ದೇನೆ.