ಸಿಎಂವಿ: ಕೂಸಿಗೆ 21 ದಿನ ತುಂಬುವ ಮೊದಲು

ತುಮಕೂರು ಜಿಲ್ಲೆಯ ನವಜಾತ ಶಿಶು ಘಟಕಗಳಲ್ಲಿ ದುಡಿಯುವವರು ಸಿಎಂವಿ (ಸೈಟೋಮೆಗಾಲೋವೈರಸ್) ಸೋಂಕಿನ ಅನುಮಾನ ಬಂದಾಗ ಮೊದಲು ನೋಡಬೇಕಾದ್ದು ಕೂಸಿನ ವಯಸ್ಸು. 21 ದಿನದೊಳಗೆ ತೆಗೆದ ಮೂತ್ರದ ಪಿಸಿಆರ್ ಪಾಸಿಟಿವ್ ಆದರೆ ಸೋಂಕು ಗರ್ಭದಲ್ಲೇ ತಗುಲಿದ್ದು. ಆಮೇಲೆ ತೆಗೆದರೆ ಎದೆಹಾಲಿನಿಂದಲೂ ಬಂದಿರಬಹುದು, ಬಿಡಿಸಿ ಹೇಳಲಾಗದು. ಬಾಣಂತಿ ಪಾವಗಡದ ತವರಿಗೆ ಹೋದಳೆಂದರೆ ತಿಂಗಳೊಳಗೆ ಮತ್ತೆ ಬರುವುದು ಕಷ್ಟ. ಹಾಗಾಗಿ ಮೂತ್ರ ತೆಗೆದ ಮೇಲೆಯೇ ಡಿಸ್ಚಾರ್ಜ್.

ಯಾರಿಗೆ ತೆಗೆಯಬೇಕು? ತೂಕ ಕಡಿಮೆ, ತಲೆ ಚಿಕ್ಕದು, ಒತ್ತಿದರೂ ಮಾಸದ ಕೆಂಪು ಚುಕ್ಕೆ, ಪ್ಲೇಟ್‌ಲೆಟ್ ಕಡಿಮೆ, ಲಿವರ್ ದೊಡ್ಡದು, ಡೈರೆಕ್ಟ್ ಬಿಲಿರುಬಿನ್ (ರಕ್ತದಲ್ಲಿನ ಹಳದಿ ಅಂಶದ ಒಂದು ಬಗೆ) ಏರಿದ ಕಾಮಾಲೆ. ಇದ್ಯಾವುದೂ ಇಲ್ಲದೆ ಕಿವಿ ಕೇಳುತ್ತದೆಯೇ ಎಂದು ನೋಡುವ ಓಎಇ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲ್ ಆದ ಕೂಸನ್ನೂ ಬಿಡಬಾರದು. ಜೊಲ್ಲು ತೆಗೆಯುವುದಾದರೆ ಹಾಲು ಕುಡಿಸಿ ಒಂದು ಗಂಟೆಯಾದರೂ ಕಳೆದಿರಲಿ. ಬಾಯಲ್ಲಿ ಉಳಿದ ಹಾಲಿನ ವೈರಸ್ಸೇ ಪಾಸಿಟಿವ್ ತೋರಿಸಿಬಿಡುತ್ತದೆ. ಜೊಲ್ಲು ಪಾಸಿಟಿವ್ ಬಂದರೆ ಮೂತ್ರದಿಂದ ಖಚಿತಪಡಿಸಿಕೊಳ್ಳಬೇಕು.

ಟಾರ್ಚ್ (TORCH, ಸಿಎಂವಿ ಸೇರಿ ಹಲವು ಸೋಂಕುಗಳ ಪ್ರತಿಕಾಯ ಹುಡುಕುವ ರಕ್ತ ಪರೀಕ್ಷೆ) ಪರೀಕ್ಷೆಗೆ ಬಡವರ ದುಡ್ಡು ಸುರಿಸುವುದು ನಿಲ್ಲಬೇಕು. ನಮ್ಮಲ್ಲಿ ಬಹುತೇಕ ತಾಯಂದಿರ ಐಜಿಜಿ (ಹಳೆಯ ಸೋಂಕಿನ ನಂತರವೂ ಉಳಿಯುವ ಪ್ರತಿಕಾಯ) ಪಾಸಿಟಿವ್ವೇ. ಕೂಸಿನಲ್ಲಿ ಕಾಣುವುದೂ ತಾಯಿಯದೇ. ಕೂಸಿನ ಐಜಿಎಂ (ಹೊಸ ಸೋಂಕಿನಲ್ಲಿ ಮೊದಲು ಬರುವ ಪ್ರತಿಕಾಯ) ನೆಗೆಟಿವ್ ಬಂದರೂ ಸೋಂಕಿಲ್ಲ ಎನ್ನಲಾಗದು.

ಸೋಂಕಿರುವ ಎಲ್ಲ ಕೂಸಿಗೂ ಔಷಧ ಬೇಡ. ಲಕ್ಷಣಗಳು ಮಧ್ಯಮ ಇಲ್ಲವೇ ತೀವ್ರವಾಗಿದ್ದರೆ, ಆದಷ್ಟು ಮೊದಲ ತಿಂಗಳಲ್ಲೇ, ವಾಲ್‌ಗ್ಯಾನ್ಸಿಕ್ಲೋವಿರ್: ಕಿಲೋಗೆ 16 ಮಿ.ಗ್ರಾಂ., ದಿನಕ್ಕೆ ಎರಡು ಸಲ, 6 ತಿಂಗಳು. ಮಿ.ಲೀ.ಗೆ 50 ಮಿ.ಗ್ರಾಂ. ಇರುವ ಸಿರಪ್ಪಾದರೆ 3 ಕಿಲೋ ಕೂಸಿಗೆ ಒಂದು ಸಲಕ್ಕೆ ಸುಮಾರು 1 ಮಿ.ಲೀ. ಚಮಚದಲ್ಲಿ ಅಳೆಯಬಾರದು, ಸೂಜಿಯಿಲ್ಲದ ಸಿರಿಂಜ್‌ನಲ್ಲಿ ಎಳೆದು, ಗುರುತು ಹಾಕಿ ತಾಯಿಯ ಕೈಗೆ ಕೊಡಬೇಕು. ಕೂಸು 4 ಕಿಲೋ ಆದಾಗ ಅದೇ ಗುರುತು ಉಳಿದರೆ ಡೋಸ್ ಸಾಲದು. ಹಾಗಾಗಿ ಪ್ರತಿ ಭೇಟಿಯಲ್ಲೂ ತೂಕ ನೋಡಿ ಗುರುತು ಬದಲಿಸಿ. 450 ಮಿ.ಗ್ರಾಂ. ಮಾತ್ರೆಯನ್ನು ಮನೆಯಲ್ಲಿ ಪುಡಿಮಾಡಿಸಲೇಬೇಡಿ. ಡೋಸ್ ಕೆಡುತ್ತದೆ, ಆ ಪುಡಿಯನ್ನು ಬಸುರಿಯರು ಮುಟ್ಟುವಂತಿಲ್ಲ.

ಈ ಔಷಧ ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ಇಳಿಸುತ್ತದೆ. ಮೊದಲ 6 ವಾರ ವಾರಕ್ಕೊಮ್ಮೆ, 8ನೇ ವಾರ, ಆಮೇಲೆ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಆಗಬೇಕು. ನ್ಯೂಟ್ರೋಫಿಲ್ ಎಣಿಕೆ ಮೈಕ್ರೋಲೀಟರ್‌ಗೆ 500ಕ್ಕಿಂತ ಕೆಳಗಿಳಿದರೆ ಔಷಧ ನಿಲ್ಲಿಸಿ, 750 ದಾಟಿದ ಮೇಲೆ ಮತ್ತೆ ಶುರು. ಲಿವರ್ ಪರೀಕ್ಷೆ ತಿಂಗಳಿಗೊಮ್ಮೆ.

"ಹಾಲು ಬಿಡಿಸೋಣವಾ ಸಿಸ್ಟರ್?" ಎಂದು ಅಜ್ಜಿಯರು ಕೇಳುತ್ತಾರೆ. ದಿನ ತುಂಬಿ ಹುಟ್ಟಿದ ಕೂಸಿಗೆ ಬಿಡಿಸುವುದು ಬೇಡವೇ ಬೇಡ. ಆರೋಗ್ಯವಾಗಿರುವ ತಾಯಿಗೆ ಔಷಧವೂ ಬೇಡ.

ಹುಟ್ಟಿದಾಗ ಸರಿಯಿದ್ದ ಕಿವಿಯೂ ವರ್ಷಗಳ ನಂತರ ಮಂದವಾಗಬಹುದು. ಮೊದಲ 3 ವರ್ಷ ಕನಿಷ್ಠ 6 ತಿಂಗಳಿಗೊಮ್ಮೆ ಕಿವಿ ಪರೀಕ್ಷೆಯಾಗಬೇಕು. ಆ ತಾರೀಖುಗಳನ್ನು ತಾಯಿ ಕಾರ್ಡಿನಲ್ಲೇ ಬರೆದು, ತವರೂರಿನ ಆಶಾ ಕಾರ್ಯಕರ್ತೆಗೂ ಫೋನಿನಲ್ಲಿ ತಿಳಿಸಿಬಿಡಿ.