ಕಲಬುರಗಿಯಿಂದ ಬೀದರಿಗೆ: ಸಿಮ್ಯುಲೇಟರ್ ಹಾರಾಟದ ಏಳನೆಯ ವಾರ

ಆರು ವಾರ ಬರೀ ಏರುವುದು, ಇಳಿಯುವುದು, ಕಲಬುರಗಿಯ ಸರಡಗಿ ವಿಮಾನ ನಿಲ್ದಾಣದ ಸುತ್ತ ಗಿರಕಿ ಹೊಡೆಯುವುದರಲ್ಲೇ ಕಳೆದಿದ್ದರಿಂದ, ಈ ವಾರ ಮನೆಯ ಸಿಮ್ಯುಲೇಟರ್‌ನಲ್ಲಿ ಸೆಸ್ನಾ 172 ಎಂಬ ಪುಟ್ಟ ಒಂಟಿ ಎಂಜಿನ್ ವಿಮಾನವನ್ನು ಮೊದಲ ಬಾರಿಗೆ ಬೀದರಿನವರೆಗೆ ಒಯ್ಯಬೇಕೆಂದು ನಿಶ್ಚಯಿಸಿದೆ. ಬೀದರ್ ವಾಯುಪಡೆಯ ನೆಲೆಯಾದ್ದರಿಂದ ನಿಜವಾದ ಹಾರಾಟಕ್ಕೆ ಮುಂಚಿತವಾಗಿ ಅನುಮತಿ ಬೇಕಾಗುತ್ತದೆ. ಮೇಜಿನ ಮುಂದೆ ಕುಳಿತವನಿಗೆ ಆ ತೊಂದರೆಯಿಲ್ಲ.

ಯೋಜನೆಯನ್ನು ಕಂಪ್ಯೂಟರಿಗೆ ಬಿಡದೆ ನಕ್ಷೆ, ಸ್ಕೇಲು, ಕೋನಮಾಪಕ ಹಿಡಿದು ಕಾಗದದ ಮೇಲೆಯೇ ಮಾಡಿದೆ. ಎರಡು ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 47 ನಾಟಿಕಲ್ ಮೈಲಿ (87 ಕಿಲೋಮೀಟರ್), ದಿಕ್ಕು ಈಶಾನ್ಯ, ಅಂದರೆ ಉತ್ತರದಿಂದ ಪೂರ್ವದತ್ತ 40 ಡಿಗ್ರಿ. ಗಾಳಿಯೇ ಇಲ್ಲದಿದ್ದರೆ 110 ನಾಟ್ (ಗಂಟೆಗೆ 110 ನಾಟಿಕಲ್ ಮೈಲಿ) ವೇಗದಲ್ಲಿ 26 ನಿಮಿಷದ ದಾರಿ. ಆದರೆ ನಾನು ಆರಿಸಿಕೊಂಡದ್ದು ಆಷಾಢದ ಹವೆ: ಪಶ್ಚಿಮದಿಂದ 20 ನಾಟ್ ಗಾಳಿ. ಅದು ಎಡಬದಿಯ ಹಿಂದಿನಿಂದ ಬರುವುದರಿಂದ ವಿಮಾನವನ್ನು ಮುಂದಕ್ಕೂ ತಳ್ಳುತ್ತದೆ, ಬಲಕ್ಕೂ ಸರಿಸುತ್ತದೆ. ಲೆಕ್ಕ ಹಾಕಿದಾಗ ಮೂತಿಯನ್ನು 8 ಡಿಗ್ರಿ ಎಡಕ್ಕೆ ತಿರುಗಿಸಿ 32ರತ್ತ ಹಿಡಿಯಬೇಕೆಂದೂ, ನೆಲದ ಮೇಲಿನ ವೇಗ 122 ನಾಟ್‌ಗೆ ಏರಿ 23 ನಿಮಿಷ ಸಾಕೆಂದೂ ತಿಳಿಯಿತು. ಪೂರ್ವಾರ್ಧದ ದಿಕ್ಕಿನಲ್ಲಿ ಹೊರಗೆ ಕಣ್ಣಿಟ್ಟು ನಡೆಸುವ ಹಾರಾಟಕ್ಕೆ ಬೆಸ ಸಾವಿರದ ಮೇಲೆ ಐನೂರು ಅಡಿ ಎಂಬ ನಿಯಮವಿರುವುದರಿಂದ ಎತ್ತರವನ್ನು 5,500 ಅಡಿ ಎಂದು ಬರೆದುಕೊಂಡೆ.

ಇಷ್ಟೆಲ್ಲ ಬರೆದವನು ಹಾರುವಾಗ ರೂಢಿಯಂತೆ 40ರತ್ತಲೇ ಮೂತಿ ಹಿಡಿದೆ. ಕಾಗದ ತೊಡೆಯ ಮೇಲಿತ್ತು, ಕಣ್ಣು ಪರದೆಯ ಮೇಲಿತ್ತು. ಎಡಕ್ಕೆ ಕಾಣಬೇಕಾಗಿದ್ದ ಕಾರಂಜಾ ಜಲಾಶಯ ಅಂದಾಜಿಗಿಂತ ಬಹಳ ದೂರದಲ್ಲಿ ತೆಳ್ಳಗೆ ಹೊಳೆದಾಗಲೇ ಅನುಮಾನ ಬಂದದ್ದು. ಅರವತ್ತು ಮೈಲಿಗೆ ಒಂದು ಮೈಲಿ ಸರಿದರೆ ಒಂದು ಡಿಗ್ರಿ ತಪ್ಪು ಎಂಬ ಹಳೆಯ ಲೆಕ್ಕದ ಪ್ರಕಾರ, ಹಾಗೆಯೇ ಹೋಗಿದ್ದರೆ ಬೀದರನ್ನು ಹನ್ನೊಂದು ಕಿಲೋಮೀಟರಿನಷ್ಟು ಎಡಕ್ಕೆ ಬಿಟ್ಟು ಮುಂದೆ ಸಾಗುತ್ತಿದ್ದೆ.

ಎರಡನೆಯ ತಪ್ಪು ಇದಕ್ಕಿಂತ ಸಣ್ಣದಾಗಿ ಕಂಡರೂ ನನ್ನನ್ನು ಹೆಚ್ಚು ಕಾಡಿತು. ನೆಲದಿಂದ ವಿಮಾನಕ್ಕೆ ಸೂಚನೆ ಕೊಡುವ ನಿಯಂತ್ರಕನ ಪಾತ್ರ ಅಣ್ಣನ ಮಗನದು. ಪಕ್ಕದ ಕೋಣೆಯಲ್ಲಿ ಕುಳಿತು ಫೋನಿನಲ್ಲಿ ಸೂಚನೆ ಓದುತ್ತಾನೆ. ಎತ್ತರಮಾಪಕ ಎತ್ತರವನ್ನು ಗಾಳಿಯ ಒತ್ತಡದಿಂದಲೇ ಅಳೆಯುವುದರಿಂದ ಅದಕ್ಕೆ ಆಯಾ ಊರಿನ ಒತ್ತಡವನ್ನು ಹೊಂದಿಸಬೇಕು. ಬೀದರಿನ ವಾಯುಒತ್ತಡವನ್ನು ಅವನು "ಒನ್ ಜೀರೋ ಜೀರೋ ಸಿಕ್ಸ್" ಎಂದ. ಅಡುಗೆಮನೆಯಲ್ಲಿ ಮಿಕ್ಸರ್ ಓಡುತ್ತಿತ್ತು. ನಾನು "ಒನ್ ಜೀರೋ ಒನ್ ಸಿಕ್ಸ್" ಎಂದು ತಿರುಗಿ ಹೇಳಿ, ಎತ್ತರಮಾಪಕದ ಗುಬುಟನ್ನು ಅಷ್ಟಕ್ಕೇ ತಿರುಗಿಸಿದೆ. ಅವನು ಕಿವಿಗೊಡದೆ ಸರಿ ಎಂದುಬಿಟ್ಟ. ಒತ್ತಡದ ಅಳತೆಯಾದ ಹೆಕ್ಟೊಪಾಸ್ಕಲ್ ಒಂದಕ್ಕೆ ಸುಮಾರು 30 ಅಡಿಯಂತೆ, ಮುಳ್ಳು ತೋರಿಸಿದ್ದಕ್ಕಿಂತ ನಾನು 300 ಅಡಿ ಕೆಳಗಿದ್ದೆ, ಅದೂ ನೆಲವೇ ನಮಗೆ ಎದುರಾಗಿ ಏರುವ ಬೀದರಿನ ಪ್ರಸ್ಥಭೂಮಿಯ ಅಂಚಿನಲ್ಲಿ. ರನ್‌ವೇ ಮುಟ್ಟಿದ ಮೇಲೂ ಮಾಪಕ ಇನ್ನೂ ಗಾಳಿಯಲ್ಲಿದ್ದೇನೆ ಎನ್ನುತ್ತಿತ್ತು.

"ಕಾಕಾ, ನಾ ಜೀರೋ ಅಂದಿದ್ದೆ, ನೀವು ಒನ್ ಅಂದ್ರಿ," ಎಂದು ಆಮೇಲೆ ಧ್ವನಿಮುದ್ರಣ ಕೇಳಿ ಒಪ್ಪಿಕೊಂಡ. ತಪ್ಪು ಇಬ್ಬರದೂ ಹೌದು, ಆದರೆ ನನ್ನದೇ ಹೆಚ್ಚು. ಕಲಬುರಗಿಯಲ್ಲಿ 1,006 ಇದ್ದದ್ದು ಇಪ್ಪತ್ತು ನಿಮಿಷದೊಳಗೆ ಬೀದರಿನಲ್ಲಿ ಹತ್ತು ಏರಿತೇ ಎಂದು ಕೇಳಿಕೊಳ್ಳಬೇಕಿತ್ತು.

1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತದ್ದನ್ನು ಈ ಸಲ ಬೇರೆ ಕಣ್ಣಿನಿಂದ ಓದಿದೆ. ಕಝಾಕ್ ವಿಮಾನದಲ್ಲಿ ನಿಯಂತ್ರಕರೊಡನೆ ಮಾತನಾಡುತ್ತಿದ್ದವನು ರೇಡಿಯೋ ಆಪರೇಟರ್. ಅವನ ಮುಂದೆ ಎತ್ತರಮಾಪಕವೇ ಇರಲಿಲ್ಲ, ಪೈಲಟ್‌ಗಳ ಹೆಗಲ ಮೇಲಿಂದ ಇಣುಕಿ ನೋಡಬೇಕಿತ್ತು. 15,000 ಅಡಿಯಲ್ಲಿ ನಿಲ್ಲಬೇಕಾಗಿದ್ದ ಆ ವಿಮಾನ ಅದಕ್ಕಿಂತ ಕೆಳಗಿಳಿದಿತ್ತು.

ಈಗ ಎರಡು ಬದಲಾವಣೆ ಮಾಡಿದ್ದೇನೆ. ಹಿಡಿಯಬೇಕಾದ ದಿಕ್ಕು, ಎತ್ತರ, ಒತ್ತಡ ಮೂರನ್ನೂ ದಪ್ಪ ಅಕ್ಷರದಲ್ಲಿ ಬರೆದ ಚೀಟಿ ಪರದೆಯ ಅಂಚಿಗೇ ಅಂಟಿದೆ. ಹುಡುಗ ನನ್ನ ಮರುನುಡಿಯನ್ನು ತಾನೂ ಬರೆದುಕೊಂಡ ಮೇಲೆಯೇ ಸರಿ ಎನ್ನುತ್ತಾನೆ. ಮುಂದಿನ ವಾರ ಮರುಪ್ರಯಾಣ: ಎತ್ತರ 4,500 ಅಡಿ, ಮೂತಿ 228ರತ್ತ, ಎದುರುಗಾಳಿಯಿಂದ 29 ನಿಮಿಷ, ಜೊತೆಗೆ ಗೈರೋದಿಂದ ನಡೆಯುವ ದಿಕ್ಕುಸೂಚಕದ ಮೇಲೆ ಕಾಗದ ಮುಚ್ಚಿ ಬರೀ ಆಯಸ್ಕಾಂತದ ದಿಕ್ಸೂಚಿಯನ್ನು ನಂಬಿ ಹಾರುವುದು.