ಭಾವನಿಗೆ ಹೇಳಿದೆಯಾ?

ಮಂಗಳವಾರ ಸಂಜೆ ಅಕ್ಕ ಫೋನ್ ಮಾಡಿದಳು. ಎಂದಿನ ಕ್ಷೇಮಸಮಾಚಾರವೂ ಇಲ್ಲದೆ ನೇರವಾಗಿ, "ರಿಪೋರ್ಟ್ ಬಂತು ಕಣೇ, ಎಚ್‌ಪಿವಿ ಪಾಸಿಟಿವ್ ಅಂತೆ" ಎಂದಳು. ಲೈಂಗಿಕ ಸಂಪರ್ಕದಿಂದ ಹರಡುವ, ಮುಂದೆ ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗಬಲ್ಲ ವೈರಸ್ ಅದು. ಆ ಗಳಿಗೆಯಲ್ಲಿ ನಾನು ಕೇಳಬೇಕಾದದ್ದು ಯಾವ ಬಗೆಯ ವೈರಸ್ಸು, ಗರ್ಭಕಂಠದ ಜೀವಕೋಶಗಳನ್ನು ತೆಗೆದು ನೋಡುವ ಪ್ಯಾಪ್ ಸ್ಮಿಯರ್‌ನಲ್ಲಿ ಏನು ಬಂದಿದೆ, ವೈದ್ಯರು ಏನೆಂದರು ಎಂಬುದನ್ನು. ಕೇಳಿದ್ದು ಮಾತ್ರ "ಭಾವನಿಗೆ ಹೇಳಿದೆಯಾ?" ಎಂದು. ಅತ್ತಕಡೆ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ. ಆಮೇಲೆ ಅವಳು, "ಏನಂತ ಹೇಳಲಿ?" ಎಂದಳು.

ಅಂದಿನಿಂದ ಆ ಮೌನ ನನ್ನನ್ನು ಬಿಟ್ಟಿಲ್ಲ. ಮೇಲ್ನೋಟಕ್ಕೆ ನನ್ನದು ಕಾಳಜಿಯ ಮಾತೇ, ಆದರೆ ಅದರ ಹೊಟ್ಟೆಯೊಳಗೆ "ಇದು ಯಾರಿಂದ ಬಂತು?" ಎಂಬ ಇನ್ನೊಂದು ಪ್ರಶ್ನೆ ಇತ್ತು, ಮತ್ತು ಅಕ್ಕ ಉತ್ತರಿಸಿದ್ದು ಆ ಎರಡನೆಯದಕ್ಕೆ. ಮೂವತ್ತು ದಾಟಿದಂದಿನಿಂದ ಮೂರು ವರ್ಷಕ್ಕೊಮ್ಮೆ ತಪ್ಪದೆ ಪ್ಯಾಪ್ ಸ್ಮಿಯರ್ ಮಾಡಿಸಿಕೊಳ್ಳುತ್ತ ಬಂದವಳು, ನಲವತ್ತಾರರವರೆಗೂ ಒಮ್ಮೆಯೂ ಹೋಗದ ಅಕ್ಕನನ್ನು ಹಟ ಹಿಡಿದು ಕಳುಹಿಸಿದವಳು ನಾನೇ. ಕಳುಹಿಸಿದವಳ ಬಾಯಿಂದಲೇ ಅವಳು ಈ ಮಾತು ಕೇಳಬೇಕಾಯಿತು.

ವರದಿಯಲ್ಲಿದ್ದದ್ದು ಇಷ್ಟು: ಎಚ್‌ಪಿವಿ 16 ಮತ್ತು 18 ಇಲ್ಲ, ಅಪಾಯಕಾರಿ ಗುಂಪಿನ ಉಳಿದ ಬಗೆಗಳಲ್ಲಿ ಯಾವುದೋ ಒಂದು ಇದೆ, ಜೀವಕೋಶಗಳು ಸಹಜವಾಗಿವೆ. ಗರ್ಭಕಂಠದ ಕ್ಯಾನ್ಸರ್ ಪ್ರಕರಣಗಳಲ್ಲಿ ಶೇ. 70ರಷ್ಟಕ್ಕೆ 16 ಮತ್ತು 18 ಎಂಬ ಎರಡು ಬಗೆಗಳೇ ಕಾರಣವಾಗಿರುವುದರಿಂದ, ಅವು ಕಂಡಿದ್ದರೆ ನೇರವಾಗಿ ಕಾಲ್ಪೋಸ್ಕೋಪಿಗೆ ಕಳುಹಿಸುತ್ತಿದ್ದರು. ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಸವರಿ, ಬೆಳ್ಳಗಾಗುವ ಭಾಗಗಳನ್ನು ಹಿಗ್ಗಿಸಿ ನೋಡುವ ಪರೀಕ್ಷೆ ಅದು. ಅಕ್ಕನಿಗೆ ವೈದ್ಯೆ ಹೇಳಿದ್ದು, "ಏನೂ ಆಗಿಲ್ಲ, ಒಂದು ವರ್ಷ ಬಿಟ್ಟು ಬನ್ನಿ" ಎಂದು. ನಿರ್ಧಾರ ಸರಿಯಾದದ್ದೇ. ಹತ್ತರಲ್ಲಿ ಒಂಬತ್ತರಷ್ಟು ಸೋಂಕುಗಳನ್ನು ದೇಹ ಎರಡು ವರ್ಷದೊಳಗೆ ತಾನೇ ಅಡಗಿಸಿಬಿಡುತ್ತದೆ; ಅಡಗದೆ ಉಳಿದದ್ದು ಕ್ಯಾನ್ಸರ್ ಆಗುವುದಾದರೂ ಸಾಮಾನ್ಯವಾಗಿ ಹದಿನೈದಿಪ್ಪತ್ತು ವರ್ಷ ಹಿಡಿಯುತ್ತದೆ. ಹೊರಗೆ ಅಷ್ಟು ಜನ ಕಾಯುತ್ತಿರುವಾಗ ವೈದ್ಯೆಗೆ ಪುರಸೊತ್ತಿರಲಿಕ್ಕಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಆದರೂ ಎರಡು ವಾಕ್ಯ ಕಡಿಮೆಯಾಯಿತು. ಈ ವೈರಸ್ ಲೈಂಗಿಕ ಬದುಕು ಆರಂಭಿಸಿದ ಬಹುತೇಕ ಎಲ್ಲರಿಗೂ, ಗಂಡಸರಿಗೂ ಹೆಂಗಸರಿಗೂ, ಯಾವಾಗಲಾದರೂ ತಗಲಿಯೇ ತಗಲುತ್ತದೆ ಎಂಬುದು ಒಂದು. ವರ್ಷಗಟ್ಟಲೆ ಸುಳಿವು ಕೊಡದೆ ಇದ್ದು ಮತ್ತೆ ಕಾಣಿಸಿಕೊಳ್ಳಬಲ್ಲದು, ಆದ್ದರಿಂದ ಯಾವಾಗ ಬಂತು, ಯಾರಿಂದ ಬಂತು ಎಂದು ಯಾವ ಪರೀಕ್ಷೆಯೂ ಹೇಳಲಾರದು ಎಂಬುದು ಇನ್ನೊಂದು. ಇವೆರಡು ಸಿಗದೆ ಅಕ್ಕ ಆ ಕಾಗದ ಹಿಡಿದು ಮನೆಗೆ ಬಂದಳು.

ಚಿಕ್ಕಮ್ಮನ ಕಿವಿಗೂ ಸುದ್ದಿ ಬಿತ್ತು. "ನಮ್ಮ ಮನೆತನದಲ್ಲಿ ಇಂಥದ್ದೆಲ್ಲ ಇಲ್ಲಪ್ಪ" ಎಂದರಂತೆ. ವಾರಕ್ಕೊಮ್ಮೆ ರಕ್ತದೊತ್ತಡ ಅಳೆಸಿಕೊಳ್ಳುವ ಚಿಕ್ಕಮ್ಮ ಈ ಪರೀಕ್ಷೆಗೆ ಇಂದಿನವರೆಗೂ ಹೋಗಿಲ್ಲ. ಹಾಗಿರುವಾಗ ಇಲ್ಲವೆಂದು ಅವರಿಗೆ ತಿಳಿದದ್ದು ಹೇಗೋ! ಅವರ ಮಾತಿಗೆ ನನಗೆ ಸಿಟ್ಟು ಬಂತು. ಆದರೆ ನಾನು ಕೇಳಿದ್ದಕ್ಕೂ ಅವರು ಹೇಳಿದ್ದಕ್ಕೂ ಎಷ್ಟು ದೂರವಿದೆ ಎಂದು ಅಳೆಯಹೊರಟಾಗ ಸಿಟ್ಟು ಉಳಿಯಲಿಲ್ಲ.

ಇಷ್ಟು ವರ್ಷ ನಾನು ಪ್ಯಾಪ್ ಸ್ಮಿಯರ್ ಮಾಡಿಸಿಕೊಂಡಾಗ ಯಾರೂ ಏನೂ ಕೇಳಿರಲಿಲ್ಲ. ಒಮ್ಮೆ "ಜೀವಕೋಶಗಳಲ್ಲಿ ಸಣ್ಣ ವ್ಯತ್ಯಾಸ" ಎಂದು ಬಂದಾಗಲೂ ಮನೆಯವರು ಸೇರಿದಂತೆ ಎಲ್ಲರೂ ಪಾಪ ಎಂದರೇ ಹೊರತು ಎಲ್ಲಿಂದ ಎನ್ನಲಿಲ್ಲ. ಅಂಥ ವ್ಯತ್ಯಾಸದ ಹಿಂದೆಯೂ ಸಾಮಾನ್ಯವಾಗಿ ಇರುವುದು ಇದೇ ವೈರಸ್ಸೇ. ಪ್ಯಾಪ್ ನೋಡುವುದು ಈಗಾಗಲೇ ಆಗಿರುವ ಬದಲಾವಣೆಯನ್ನು, ಸೂಕ್ಷ್ಮದರ್ಶಕದಲ್ಲಿ, ಮನುಷ್ಯರ ಕಣ್ಣಿನಿಂದ. ಆದ್ದರಿಂದಲೇ ಕೆಲವು ಅದರ ಕಣ್ಣು ತಪ್ಪಿಸಿಕೊಳ್ಳುತ್ತವೆ, ಪದೇ ಪದೇ ಮಾಡಿಸಬೇಕಾಗುತ್ತದೆ. ಎಚ್‌ಪಿವಿ ಪರೀಕ್ಷೆ ಹುಡುಕುವುದು ಬದಲಾವಣೆಗೆ ಕಾರಣವಾಗಬಲ್ಲ ವೈರಸ್ಸಿನ ಡಿಎನ್‌ಎಯನ್ನು. ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಇದನ್ನೇ ಮೊದಲ ಪರೀಕ್ಷೆಯಾಗಿ, ಮೂವತ್ತನೆಯ ವಯಸ್ಸಿನಿಂದ, ಐದರಿಂದ ಹತ್ತು ವರ್ಷಕ್ಕೊಮ್ಮೆ ಮಾಡಿಸಿದರೆ ಸಾಕೆಂದು ಸೂಚಿಸಿತು. ಹಾಗೆಂದರೆ ಹೆಚ್ಚು ನಂಬಬಹುದಾದ ಪರೀಕ್ಷೆಯೇ ಹೆಂಗಸಿನ ನಡತೆಯ ಮಾತನ್ನೂ ಜೊತೆಗೆ ಎಳೆದು ತಂದಿದೆ. ಮಾದರಿಯನ್ನು ತಾನೇ ತೆಗೆದುಕೊಡುವ ಅನುಕೂಲವೂ ಈಗ ಇದೆ. ಗರ್ಭಕಂಠ ಕಾಣುವಂತೆ ಯೋನಿಯೊಳಗೆ ಇಡುವ ಸ್ಪೆಕ್ಯುಲಮ್ ಎಂಬ ಉಪಕರಣವನ್ನು ನೆನೆದು ಹಿಂಜರಿಯುವವರಿಗೆ ಅದು ದೊಡ್ಡ ಉಪಕಾರ. ವರದಿ ಬಂದ ಮೇಲಿನ ಮೌನಕ್ಕೆ ಅದರಲ್ಲಿ ಪರಿಹಾರವಿಲ್ಲ.

ಪ್ಯಾಪ್ ಎಂಬ ಹೆಸರು ಜಾರ್ಜ್ ಪಾಪನಿಕೊಲಾವು ಅವರದು. ಅವರು ಈ ವಿಧಾನವನ್ನು 1928ರಲ್ಲಿ ಮುಂದಿಟ್ಟಾಗ ಹೆಚ್ಚಿನವರು ಗಮನಿಸಲಿಲ್ಲ, 1940ರ ದಶಕದಲ್ಲಷ್ಟೇ ಅದಕ್ಕೆ ಮನ್ನಣೆ ಸಿಕ್ಕಿತು. ಅಲ್ಲಿಯವರೆಗಿನ ಸಂಶೋಧನೆಗೆ ವರ್ಷಗಟ್ಟಲೆ ತನ್ನದೇ ಮಾದರಿಗಳನ್ನು ಕೊಡುತ್ತ ಬಂದವರು ಅವರ ಹೆಂಡತಿ ಆಂಡ್ರೊಮಾಕಿ. ಈ ವಾರ ನನಗೆ ಆ ಹೆಂಗಸಿನದೇ ನೆನಪು.

ಬುಧವಾರ ನಾನೇ ಫೋನ್ ಮಾಡಿ, ವೈದ್ಯೆ ಹೇಳದೆ ಬಿಟ್ಟ ಆ ಎರಡು ವಾಕ್ಯಗಳನ್ನು ನಿಧಾನವಾಗಿ ಹೇಳಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡು, "ಇದನ್ನ ನಿನ್ನೆನೇ ಹೇಳಬಹುದಿತ್ತಲ್ಲೇ" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ರಾತ್ರಿ ಅವಳೇ ಭಾವನ ಮುಂದೆ ವರದಿ ಇಟ್ಟಳಂತೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಹಾಗಾದ್ರೆ ನಾನೂ ಟೆಸ್ಟ್ ಮಾಡಿಸ್ಕೋಬೇಕಾ?" ಎಂದು ಕೇಳಿದರಂತೆ. ಅದನ್ನು ತಿಳಿಯಲು ಅಕ್ಕ ನನಗೆ ಫೋನ್ ಮಾಡಿದಳು. ಹೆಂಗಸರಿಗಿರುವಂತೆ ಗಂಡಸರಿಗೆ ಮಾಮೂಲಿಯಾಗಿ ಮಾಡುವ ಎಚ್‌ಪಿವಿ ಪರೀಕ್ಷೆ ಇಲ್ಲ ಎಂದೆ. ಅದನ್ನು ಕೇಳಿ ಭಾವನಿಗೆ ಸಮಾಧಾನವಾಯಿತೋ ಬೇಸರವಾಯಿತೋ ಅವಳಿಗೂ ತಿಳಿಯಲಿಲ್ಲವಂತೆ.

ನಾನು ಇದುವರೆಗೆ ಮಾಡಿಸಿಕೊಂಡದ್ದೆಲ್ಲ ಬರೀ ಪ್ಯಾಪ್ ಸ್ಮಿಯರ್. ಬರುವ ಸೋಮವಾರ ಎಚ್‌ಪಿವಿ ಪರೀಕ್ಷೆಗೆ ಹೆಸರು ಬರೆಸಿದ್ದೇನೆ. ಮನೆಯವರಿಗೆ ಇನ್ನೂ ಹೇಳಿಲ್ಲ.